ಕುಸ್ಕೊಗೆ ಹೊರಟಿದ್ದೀರಾ? ಮೊದಲು ಕೆಳಗಿಳಿಯಿರಿ, ಆಮೇಲೆ ಹತ್ತಿ

ಈ ಸಲ ಬಂದ ಪತ್ರಗಳನ್ನು ನೋಡಿ ನನಗೇ ನಗು ಬಂತು. ಬೇಸಿಗೆ ಬಂದರೆ ಮಹಾಬಲೇಶ್ವರ, ಊಟಿ ಅಂತ ಕೇಳುತ್ತಿದ್ದ ನಮ್ಮ ಕಲಬುರಗಿ ಕಡೆಯ ಓದುಗರು ಈಗ ಪೆರು, ಬೊಲಿವಿಯಾ ಅಂತ ಕೇಳುತ್ತಿದ್ದಾರೆ. ಎರಡು ವರ್ಷದ ಹಿಂದೆ ನಾನು ಹೆಂಡತಿ ಜೊತೆ ಪೆರುವಿನ ಬೆಟ್ಟದೂರು ಕುಸ್ಕೊಗೆ ಹೋಗಿಬಂದದ್ದನ್ನು ಇಲ್ಲಿ ಬರೆದಿದ್ದೆ, ಅದೇ ಕಾರಣ ಇರಬೇಕು. ಆಗ ಅಲ್ಲಿನ ಚೆಂದ ಮಾತ್ರ ಬರೆದಿದ್ದೆ. ನಾನು ಮಾಡಿಕೊಂಡ ಎಡವಟ್ಟನ್ನು ಬರೆದಿರಲಿಲ್ಲ. ಈ ಸಲ ಅದನ್ನೂ ಹೇಳಬೇಕಾಗಿದೆ.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್, 54 ವರ್ಷ. ನಮ್ಮ ಯಜಮಾನರಿಗೆ 61, ಬಿಪಿ ಮಾತ್ರೆ ತಗೊಳ್ತಾರೆ. ಮಗಳು ಅಳಿಯ ಅಮೆರಿಕದಲ್ಲಿದ್ದಾರೆ. ಜುಲೈನಲ್ಲಿ ಅವರ ಹತ್ತಿರ ಹೋಗಿ, ಅಲ್ಲಿಂದ ಎಂಟು ದಿನ ಪೆರುಗೆ ಹೋಗಬೇಕು ಅಂತಿದೆ. ಏಜೆಂಟರು ಕೊಟ್ಟ ಪ್ಲಾನ್ ಹೀಗಿದೆ: ಮೊದಲ ದಿನ ಬೆಳಿಗ್ಗೆ ಲಿಮಾದಿಂದ ವಿಮಾನದಲ್ಲಿ ಕುಸ್ಕೊ, ಮಧ್ಯಾಹ್ನವೇ ಊರು ಸುತ್ತಾಟ. ಎರಡನೇ ದಿನ ರೇನ್‌ಬೋ ಮೌಂಟನ್. ಮೂರನೇ ದಿನ ಮಾಚು ಪಿಚು. ಇದು ಸರಿ ಇದೆಯಾ? – ಬ್ರಹ್ಮಪುರ, ಕಲಬುರಗಿ

ಅಕ್ಕೋರೆ, ಸರಿ ಇಲ್ಲ. ಪೂರ್ತಿ ಉಲ್ಟಾ ಇದೆ.

ಲೆಕ್ಕ ನೋಡಿ. ನಮ್ಮ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಡೀ ಕರ್ನಾಟಕದಲ್ಲೇ ಎತ್ತರದ ಜಾಗ ಅಂದರೆ ಮುಳ್ಳಯ್ಯನಗಿರಿ, ಅದು ಎರಡು ಸಾವಿರ ಮೀಟರ್ ಕೂಡ ಮುಟ್ಟುವುದಿಲ್ಲ. ಕುಸ್ಕೊ ಊರು ಇರುವುದೇ ಸುಮಾರು 3,400 ಮೀಟರಿನಲ್ಲಿ. ಹೆಚ್ಚು ಕಡಿಮೆ ಲೇಹ್ ಇದ್ದಂತೆ. ಪೆರುವಿನ ರಾಜಧಾನಿ ಲಿಮಾ ಇರುವುದು ಸಮುದ್ರದ ದಂಡೆಯಲ್ಲಿ. ಅಲ್ಲಿ ವಿಮಾನ ಹತ್ತಿ, ಒಂದು ಕಪ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೀವು 3,400 ಮೀಟರ್ ಮೇಲೆ ಇರುತ್ತೀರಿ. ಮೈಗೆ ಏನಾಯಿತು ಅಂತ ಗೊತ್ತಾಗುವುದಕ್ಕೂ ಟೈಮ್ ಸಿಗುವುದಿಲ್ಲ.

ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲ ಕಡೆ ಒಂದೇ, 21 ಪರ್ಸೆಂಟ್. ಆದರೆ ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಗಾಳಿ ತೆಳ್ಳಗಾಗುತ್ತದೆ. ಕುಸ್ಕೊದಲ್ಲಿ ನೀವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ಸಮುದ್ರದಂಡೆಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಆಕ್ಸಿಜನ್ ಸಿಗುತ್ತದೆ. ನನಗೆ ಇದು ಮೊದಲು ಕಂಡದ್ದು ನನ್ನ ಉಸಿರಿನಲ್ಲಲ್ಲ, ಬ್ಯಾಗಿನಲ್ಲಿ. ಮನೆಯಿಂದ ಸೀಲ್ ಮಾಡಿಸಿಕೊಂಡು ಹೋಗಿದ್ದ ಶೇಂಗಾ ಹಿಂಡಿ ಪಾಕೀಟು ಪೂರಿ ತರ ಉಬ್ಬಿ ಕೂತಿತ್ತು. ನಾವಿಬ್ಬರೂ ಅದನ್ನು ನೋಡಿ ನಕ್ಕೆವು, ಫೋಟೋ ತೆಗೆದೆವು. ಪಾಕೀಟು ಹೇಳುತ್ತಿದ್ದದ್ದು ಅರ್ಥವಾಗಲಿಲ್ಲ.

ಹೋಟೆಲ್ ಇದ್ದದ್ದು ಸಾನ್ ಬ್ಲಾಸ್ ಅನ್ನುವ ಏರು ಓಣಿಯಲ್ಲಿ. ಕಲ್ಲಿನ ಮೆಟ್ಟಿಲು. ನಾನು ಸೂಟ್‌ಕೇಸ್ ಎತ್ತಿಕೊಂಡು ಹತ್ತಿದೆ, ಸಾಲದ್ದಕ್ಕೆ ಮಧ್ಯಾಹ್ನ ಸಕ್ಸಾಯ್‌ವಾಮಾನ್ ಕೋಟೆ ನೋಡಲು ಇನ್ನೂ ಮೇಲೆ ನಡೆದುಕೊಂಡೇ ಹೋದೆ. ಸಂಜೆವರೆಗೂ ಏನೂ ಆಗಲಿಲ್ಲ. ಇದೇ ಮೋಸ. ಎತ್ತರದ ಕಾಯಿಲೆ ಇಳಿದ ತಕ್ಷಣ ಹಿಡಿಯುವುದಿಲ್ಲ, ಕೆಲವು ಗಂಟೆ ಬಿಟ್ಟು ಶುರುವಾಗುತ್ತದೆ. ರಾತ್ರಿ ಹತ್ತಕ್ಕೆ ತಲೆನೋವು ಬಂತು ನೋಡಿ, ಹಣೆಗೆ ಹಗ್ಗ ಕಟ್ಟಿ ಯಾರೋ ಬಿಗಿದ ಹಾಗೆ. ವಾಂತಿ. ನಿದ್ದೆ ಹತ್ತುತ್ತಿದ್ದಂತೆ ಉಸಿರು ಒಂದು ಕ್ಷಣ ನಿಂತು, ಮತ್ತೆ ಗಕ್ಕನೆ ಎದ್ದು ಕೂರುವಂತೆ ಆಗುತ್ತಿತ್ತು. ನಿದ್ದೆಯಲ್ಲಿ ಉಸಿರು ಹೀಗೆ ನಿಂತು ನಿಂತು ಬರುವುದು ಆ ಎತ್ತರದಲ್ಲಿ ಬಹಳ ಜನಕ್ಕೆ ಆಗುತ್ತದಂತೆ, ಆದರೆ ರಾತ್ರಿ ಎರಡು ಗಂಟೆಗೆ ನಮಗೆ ಅದು ಯಾರು ಹೇಳಬೇಕು? ಮರುದಿನ ಇಡೀ ದಿನ ಹಾಸಿಗೆ. ನನ್ನ ಹೆಂಡತಿ ಮಾತ್ರ ಆರಾಮಾಗಿದ್ದಳು. "ಇಷ್ಟು ಖರ್ಚು ಮಾಡಿ ಬಂದು ಛತ್ತು ನೋಡ್ಕೋತ ಮಲಗೀರಲ್ರೀ" ಅಂತ ಈಗಲೂ ಅನ್ನುತ್ತಾಳೆ.

ಅದಕ್ಕೇ ನನ್ನ ಮಾತು ಇಷ್ಟೇ. ಏನೇನು ನೋಡಬೇಕು ಅನ್ನೋ ಪಟ್ಟಿ ಪಕ್ಕಕ್ಕಿಡಿ. ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನೋದನ್ನು ಮೊದಲು ಬರೆದುಕೊಳ್ಳಿ, ಪ್ಲಾನ್ ತಾನಾಗೇ ಸರಿಯಾಗುತ್ತದೆ. ಹಗಲು ಸ್ವಲ್ಪ ಮೇಲೆ ಹೋಗಿಬಂದರೆ ಅಷ್ಟು ತೊಂದರೆ ಇಲ್ಲ, ರಾತ್ರಿ ಮಲಗುವ ಜಾಗ ಮುಖ್ಯ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಅಂದರೆ, ಮಾಚು ಪಿಚು, ಅಂದರೆ ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳಿದ ಇನ್ಕಾಗಳ ಹಳೇ ಊರು, ಕುಸ್ಕೊಗಿಂತ ಸುಮಾರು ಸಾವಿರ ಮೀಟರ್ ಕೆಳಗಿದೆ. ಅದರ ಎತ್ತರ 2,430 ಮೀಟರ್. ಫೋಟೋದಲ್ಲಿ ಮೋಡದ ಮೇಲೆ ಕೂತ ಹಾಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಅದೇ ಜಾಸ್ತಿ ಎತ್ತರ ಅಂದುಕೊಳ್ಳುತ್ತಾರೆ. ನಡುವೆ ಉರುಬಾಂಬಾ ನದಿಯ ಕಣಿವೆ ಇದೆ, ಸೇಕ್ರೆಡ್ ವ್ಯಾಲಿ ಅಂತಾರೆ. ಅಲ್ಲಿನ ಒಲ್ಯಾಂತಾಯ್ತಾಂಬೊ ಊರು 2,800 ಮೀಟರಿನ ಹತ್ತಿರ. ಹಾಗಾಗಿ ನೀವು ಲಿಮಾದಲ್ಲಿ ಒಂದು ರಾತ್ರಿ ಕಳೆದು ಕುಸ್ಕೊದಲ್ಲಿ ಇಳಿದ ತಕ್ಷಣ, ಊರೊಳಗೆ ಹೋಗಲೇಬೇಡಿ. ಏರ್‌ಪೋರ್ಟಿನಿಂದಲೇ ಗಾಡಿ ಮಾಡಿಕೊಂಡು ಕಣಿವೆಗೆ ಇಳಿದುಬಿಡಿ, ಎರಡು ತಾಸಿನ ದಾರಿ. ಅಲ್ಲಿ ಎರಡು ರಾತ್ರಿ. ಮೊದಲ ದಿನ ಬರೀ ಊಟ, ನಿದ್ದೆ, ಓಣಿಯಲ್ಲಿ ಮೆಲ್ಲಗೆ ಓಡಾಟ. ಮೂರನೇ ದಿನ ಒಲ್ಯಾಂತಾಯ್ತಾಂಬೊದಿಂದ ರೈಲು ಹತ್ತಿ ಆಗ್ವಾಸ್ ಕ್ಯಾಲಿಯೆಂತೆಸ್, ಅದು ಬೆಟ್ಟದ ಬುಡದ ಊರು, ಇನ್ನೂ ಕೆಳಗೆ, ಒಂದು ರಾತ್ರಿ ಅಲ್ಲಿ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮಾಚು ಪಿಚು. ಆಮೇಲೆ ಕೊನೆಗೆ ಕುಸ್ಕೊ, ಎರಡೋ ಮೂರೋ ದಿನ. ಅಷ್ಟು ಹೊತ್ತಿಗೆ ಮೈ ಹೊಂದಿಕೊಂಡಿರುತ್ತದೆ, ಇನ್ಕಾ ಗೋಡೆಗಳನ್ನು ನೆಮ್ಮದಿಯಿಂದ ನೋಡಬಹುದು. 1950ರ ಭೂಕಂಪದಲ್ಲಿ ಸ್ಪೇನಿನವರು ಕಟ್ಟಿದ ಚರ್ಚು ಕುಸಿದರೂ ಅದರ ಬುಡದಲ್ಲಿದ್ದ ಇನ್ಕಾ ಕಾಲದ ಸೂರ್ಯದೇವಾಲಯದ ಗೋಡೆ ಅಲುಗಾಡಲಿಲ್ಲ. ಕೊರಿಕಾಂಚಾ ಅಂತ ಅದರ ಹೆಸರು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ನಿಮ್ಮ ಬೆರಳಿನ ಉಗುರು ಕೂಡ ಸಂದಿನಲ್ಲಿ ಹೋಗುವುದಿಲ್ಲ, ನಾನು ನೋಡಿದ್ದೇನೆ.

ರೇನ್‌ಬೋ ಮೌಂಟನ್ ಕೈಬಿಡಿ. ಅದು 5,000 ಮೀಟರ್ ದಾಟುತ್ತದೆ. ಎರಡನೇ ದಿನವೇ ಬಿಪಿ ಇರುವ 61 ವರ್ಷದವರನ್ನು ಅಲ್ಲಿಗೆ ಕರಕೊಂಡು ಹೋಗುವ ಪ್ಲಾನ್ ಮಾಡಿದವರಿಗೆ ಏನು ಹೇಳುವುದು? ಸುಮ್ನೆ ಪ್ಯಾಕೇಜ್ ನಕಲು ಹೊಡೆದಿದ್ದಾರೆ ಅಷ್ಟೇ.

ಹೊರಡುವ ಮುಂಚೆ ಯಜಮಾನರನ್ನು ಡಾಕ್ಟರಿಗೆ ತೋರಿಸಿ. ಎಷ್ಟು ಎತ್ತರ ಅನ್ನೋದನ್ನು ಮೀಟರಿನಲ್ಲಿ ಬರೆದು ಕೊಡಿ, "ಫಾರಿನ್ ಟೂರ್" ಅಂತಷ್ಟೇ ಹೇಳಬೇಡಿ. ಬಿಪಿ ಮೊದಲೆರಡು ದಿನ ಅಲ್ಲಿ ಏರಬಹುದು, ಮಾತ್ರೆ ಬಿಡಬಾರದು. ಅಕ್ಕೋರೆ, ನೀವೂ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಜಾಸ್ತಿ, ರಕ್ತ ಕಡಿಮೆ ಇದ್ದರೆ ಅಲ್ಲಿ ಸುಸ್ತು ಇನ್ನೂ ಜಾಸ್ತಿ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನಿಷ್ಠ ಆರು ತಿಂಗಳು ಬಾಕಿ ಇರುವ ಅಮೆರಿಕದ ವೀಸಾ ನಿಮ್ಮ ಪಾಸ್‌ಪೋರ್ಟಿನಲ್ಲಿದ್ದರೆ ಪೆರುಗೆ ಬೇರೆ ವೀಸಾ ಬೇಡ. ನಿಯಮ ಬದಲಾಗುತ್ತಾ ಇರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಪೆರು ರಾಯಭಾರ ಕಚೇರಿಯ ವೆಬ್‌ಸೈಟ್ ಒಂದು ಸಲ ನೋಡಿ. ಮಾಚು ಪಿಚು ಟಿಕೆಟ್ ದಿನ, ಹೊತ್ತು ಎಲ್ಲ ನಮೂದಾಗಿ ಬರುತ್ತದೆ, ಜುಲೈನಲ್ಲಿ ಬೇಗ ಖಾಲಿಯಾಗುತ್ತದೆ. ಜುಲೈ 28 ಅವರ ಸ್ವಾತಂತ್ರ್ಯ ದಿನ, ಆ ವಾರ ನಮ್ಮ ಶರಣಬಸವೇಶ್ವರ ಜಾತ್ರೆ ಇದ್ದಂಗೆ ಜನ. ತಪ್ಪಿಸಿ.

ಪ್ರಶ್ನೆ: ಸರ್, ನನಗೆ 27. ದಿನಾ ಬೆಳಿಗ್ಗೆ ಬೀದರ್ ಕೋಟೆ ಕಡೆ 6 ಕಿ.ಮೀ. ಓಡ್ತೀನಿ, ಜಿಮ್ ಕೂಡ ಇದೆ. ಬೊಲಿವಿಯಾದ ಲಾ ಪಾಜ್‌ಗೆ ನೇರ ವಿಮಾನದಲ್ಲಿ ಇಳಿಯೋ ಪ್ಲಾನ್. ನನ್ನಂಥವರಿಗೂ ಡಯಾಮಾಕ್ಸ್ ಗಿಯಾಮಾಕ್ಸ್ ಬೇಕಾ? – ಬೀದರ್

ತಮ್ಮಾ, ಶ್ವಾಸಕೋಶಕ್ಕೆ ನಿನ್ನ ಜಿಮ್ ಕಾರ್ಡ್ ಓದಲು ಬರುವುದಿಲ್ಲ. ಎತ್ತರದ ಕಾಯಿಲೆಗೂ ಫಿಟ್‌ನೆಸ್‌ಗೂ ಸಂಬಂಧವೇ ಇಲ್ಲ. ನನಗೆ ಹಿಡಿಯಿತು, ವಾಕಿಂಗ್ ಕೂಡ ಮಾಡದ ನನ್ನ ಹೆಂಡತಿಗೆ ಹಿಡಿಯಲಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೇ ಕೆಲವೊಮ್ಮೆ ಜಾಸ್ತಿ, ಯಾಕೆಂದರೆ ಅವರು ಮೊದಲ ದಿನವೇ ಓಡಾಡುತ್ತಾರೆ. ಫುಟ್‌ಬಾಲ್ ನೋಡುತ್ತೀಯಾ? 2009ರ ಏಪ್ರಿಲ್ 1ರಂದು ಲಾ ಪಾಜ್‌ನಲ್ಲಿ ಅರ್ಜೆಂಟೀನಾ 6–1ರಿಂದ ಸೋತಿತು. ಕೋಚ್ ಮರಡೋನಾ, ಮೈದಾನದಲ್ಲಿ ಮೆಸ್ಸಿ. ಬೊಲಿವಿಯಾ ಆಡಿದ್ದು ಚೆನ್ನಾಗಿಯೇ, ಆದರೆ ಎತ್ತರವೂ ಅವರ ಕಡೆಗೆ ಆಡಿತು ಅಂತ ಆವತ್ತು ಎಲ್ಲರೂ ಮಾತಾಡಿದರು.

ಲಾ ಪಾಜ್ ಊರು ಒಂದು ದೊಡ್ಡ ಬೋಗುಣಿ ಇದ್ದಂತೆ. ಬೋಗುಣಿಯ ಅಂಚಿನಲ್ಲಿ ಎಲ್ ಆಲ್ತೊ, ಅಲ್ಲೇ ಏರ್‌ಪೋರ್ಟ್, 4,061 ಮೀಟರ್. ಊರಿನ ನಡುಭಾಗ 3,600ರ ಆಸುಪಾಸು. ದಕ್ಷಿಣದ ಬಡಾವಣೆಗಳು ಅದಕ್ಕಿಂತ ಮುನ್ನೂರು ನಾನೂರು ಮೀಟರ್ ಕೆಳಗೆ. ಹೋಟೆಲ್ ಅಲ್ಲೇ ಹಿಡಿ. ಇನ್ನೂ ಒಳ್ಳೆಯದು ಅಂದರೆ, ಮೊದಲು ಸಾಂತಾ ಕ್ರೂಸ್‌ಗೆ ಹೋಗು. ಅದು ಬೊಲಿವಿಯಾದ ಬಯಲು ಸೀಮೆ, ನಮ್ಮ ಕಲಬುರಗಿಯಷ್ಟೇ ಎತ್ತರ, ಅಷ್ಟೇ ಸೆಕೆ ಅಂತ ಇಟ್ಟುಕೋ. ಅಲ್ಲಿಂದ ಸುಕ್ರೆ, 2,800 ಮೀಟರ್. ಸಂವಿಧಾನದ ಪ್ರಕಾರ ಬೊಲಿವಿಯಾದ ರಾಜಧಾನಿ ಅದೇ, ಸರ್ಕಾರ ನಡೆಯುವುದು ಮಾತ್ರ ಲಾ ಪಾಜ್‌ನಿಂದ. ಸುಕ್ರೆಯಲ್ಲಿ ಮೂರು ದಿನ ಇದ್ದು ಮೇಲೆ ಹತ್ತಿದರೆ ಮೈ ತಕರಾರು ಮಾಡುವುದು ಕಡಿಮೆ.

ಡಯಾಮಾಕ್ಸ್ ಅಂದರೆ ಅಸೆಟಜೋಲಮೈಡ್ ಮಾತ್ರೆ. ಇದನ್ನು ಡಾಕ್ಟರ್ ಹೇಳಿದರೆ ಮಾತ್ರ, ಮೆಡಿಕಲ್ ಅಂಗಡಿಯವರು ಹೇಳಿದರೆ ಅಲ್ಲ. ಸಾಮಾನ್ಯವಾಗಿ ಹತ್ತುವ ಹಿಂದಿನ ದಿನದಿಂದ ಶುರು ಮಾಡಿಸುತ್ತಾರೆ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು. ಬೆರಳು ಜುಮುಜುಮು ಅನ್ನುತ್ತದೆ, ಹೆದರಬೇಡ. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ ಮಾಚು ಪಿಚುವಿನ ಗೇಟಿನೊಳಗೆ ಶೌಚಾಲಯವೇ ಇಲ್ಲ, ಹೊರಗೇ ಮುಗಿಸಿಕೊಂಡು ಹೋಗಬೇಕು. ಟಿಕೆಟ್ ತಗೊಂಡು ಒಳಗೆ ನಿಂತು ಒದ್ದಾಡಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದರಲ್ಲಿ ಒಬ್ಬ ನಾನೇ ಅಂದುಕೊಂಡರೂ ಪರವಾಗಿಲ್ಲ.

ಒಂದು ಮಾತು ಮಾತ್ರ ತಮಾಷೆ ಅಲ್ಲ. ತಲೆನೋವು, ವಾಕರಿಕೆ, ನಿದ್ದೆ ಇಲ್ಲದಿರುವುದು, ಇವೆಲ್ಲ ಒಂದೆರಡು ದಿನದಲ್ಲಿ ಇಳಿಯುತ್ತವೆ. ಆದರೆ ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದ್ದರೆ, ಕೆಮ್ಮಿನಲ್ಲಿ ನೊರೆ ಬಂದರೆ, ಕುಡಿದವರ ಹಾಗೆ ತೂರಾಡಿದರೆ, ಮಾತು ತೊದಲಿದರೆ, ಬೆಳಗಾಗಲಿ ಅಂತ ಕಾಯಬಾರದು. ಆಕ್ಸಿಜನ್ ಕೊಡಿಸಿ ಆಸ್ಪತ್ರೆಗೆ, ಮತ್ತು ಕೆಳಗೆ. ಮೊದಲೆರಡು ದಿನ ಎಣ್ಣೆ ಪಾರ್ಟಿ ಬೇಡ, ನಿದ್ದೆ ಮಾತ್ರೆ ಬೇಡ. ಕೋವಿಡ್ ಟೈಮಿನಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿರುತ್ತದಲ್ಲ, ಬೇಕಾದರೆ ಒಯ್ಯಿ. ಆದರೆ ಅಲ್ಲಿ 87, 88 ತೋರಿಸಿದ ತಕ್ಷಣ ಮನೆಗೆ ಫೋನ್ ಮಾಡಿ ಅಳಬೇಡ. ಆ ಎತ್ತರದಲ್ಲಿ ಚೆನ್ನಾಗಿರುವವರಿಗೂ ಅಷ್ಟು ಬರುತ್ತದೆ. ನಂಬರಿಗಿಂತ ಮನುಷ್ಯನನ್ನು ನೋಡಬೇಕು.

ಪ್ರಶ್ನೆ: ಕುಸ್ಕೊ, ಲಾ ಪಾಜ್‌ನಲ್ಲಿ ಚಳಿಗೆ ಹಳದಿ ಜ್ವರದ ಸೊಳ್ಳೆನೇ ಇರಲ್ಲ ಅಂತಾರೆ. ಹಾಗಿದ್ರೆ ಯೆಲ್ಲೋ ಫೀವರ್ ಇಂಜೆಕ್ಷನ್ ಯಾಕೆ? ಟ್ರಾವೆಲ್ ಆಫೀಸಿನವರು ಬೇಡ ಅಂದ್ರು. – ಸೇಡಂ

ಸೊಳ್ಳೆ ವಿಷಯ ನಿಜ. ಆದರೆ ಇಂಜೆಕ್ಷನ್ ಬೇಕಾಗಿರುವುದು ಅಲ್ಲಿಗೆ ಹೋಗುವುದಕ್ಕಿಂತ ಹೆಚ್ಚಾಗಿ ವಾಪಸ್ ಬರುವುದಕ್ಕೆ. ಭಾರತ ಸರ್ಕಾರ ನೋಡುವುದು ಊರಿನ ಎತ್ತರವನ್ನಲ್ಲ, ದೇಶದ ಹೆಸರನ್ನು. ಪೆರು, ಬೊಲಿವಿಯಾ ಎರಡೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಇಲ್ಲಿ ಇಳಿದು, ಕೈಯಲ್ಲಿ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮುಂಬೈಯಲ್ಲಿ ಇಳಿದು ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯೋಣ ಅಂತ ಲೆಕ್ಕ ಹಾಕಿದವರು ಅಲ್ಲೇ ಕೂರಬೇಕು.

ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ ಕಾರ್ಡಿಗೆ ಬೆಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲಿ ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ನಿಮಗೆ ಹತ್ತಿರ ಅಂದರೆ ಹೈದರಾಬಾದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಯಾವ ದಿನ ಹಾಕುತ್ತಾರೆ ಅಂತ ಫೋನ್ ಮಾಡಿಯೇ ಹೊರಡಿ. ನಾನು ಸುಮ್ನೆ ಹೋಗಿ ಒಂದು ದಿನ ಕಳಕೊಂಡೆ. ಪಾಸ್‌ಪೋರ್ಟ್ ಜೊತೆಗಿರಲಿ.

ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆ ಅಲರ್ಜಿ ಜೋರಾಗಿ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಾಕಿಸಿಕೊಳ್ಳಬಾರದು. 60 ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವುದಾದರೆ ಅಪಾಯ ಸ್ವಲ್ಪ ಜಾಸ್ತಿ, ಡಾಕ್ಟರ್ ಜೊತೆ ಕೂತು ಮಾತಾಡಬೇಕು. ಮೇಲಿನ ಬ್ರಹ್ಮಪುರದ ಅಕ್ಕೋರೂ ಇದನ್ನು ಓದಿ, ನಿಮ್ಮ ಯಜಮಾನರಿಗೆ 61. ಟಿಕೆಟ್ ಬುಕ್ ಮಾಡಿ ಆಮೇಲೆ ಇದನ್ನು ಯೋಚಿಸುವುದಲ್ಲ.

ಪ್ರಶ್ನೆ: ನಾವು ಮೂವರು ಗೆಳತಿಯರು, ಪೂರ್ತಿ ಸಸ್ಯಾಹಾರಿಗಳು. ಅಲ್ಲಿ ಉಪವಾಸ ಬೀಳ್ತೀವಾ? ತೊಗರಿಬೇಳೆ, ರೈಸ್ ಕುಕ್ಕರ್ ಒಯ್ಯಬೇಕು ಅಂತ ಮಾಡೀವಿ. – ಯಾದಗಿರಿ

ಉಪವಾಸ ಬೀಳುವುದಿಲ್ಲ, ಬೇಳೆ ಮಾತ್ರ ಬೇಯುವುದಿಲ್ಲ! ಕುಸ್ಕೊ ಎತ್ತರದಲ್ಲಿ ನೀರು 88, 89 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಕುದಿಯುವುದು ಕಾಣುತ್ತದೆ, ಆದರೆ ಬಿಸಿ ಸಾಲದು. ಸೀಟಿ ಹೊಡೆಯುವ ಕುಕ್ಕರ್ ಆದರೆ ಬೇಯುತ್ತದೆ, ತೆರೆದ ರೈಸ್ ಕುಕ್ಕರಿನಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿಬೇಳೆ ಕೂಡ ಕಾಳು ಕಾಳಾಗೇ ಉಳಿಯುತ್ತದೆ. ಚಹಾ ಕೂಡ ಅಷ್ಟೇ, ಎಷ್ಟು ಕುದಿಸಿದರೂ ನಮ್ಮ ಸೂಪರ್ ಮಾರ್ಕೆಟ್ ಚಹಾದ ಖಡಕ್ ಬರಲ್ಲ. ಮೇಲಾಗಿ ಕಾಳು, ಬೀಜ, ಹಸಿ ಹಣ್ಣು ಹೊರದೇಶಕ್ಕೆ ಒಯ್ದರೆ ಕಸ್ಟಮ್ಸ್‌ನಲ್ಲಿ ತಕರಾರು. ಮಾಡಿದ ತಿಂಡಿ ಒಯ್ಯಿರಿ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಚುರುಮುರಿ. ಫಾರ್ಮಿನಲ್ಲಿ ಮುಚ್ಚುಮರೆ ಇಲ್ಲದೆ ಬರೆಯಿರಿ.

ನಿಮಗೆ ಒಂದು ಸಮಾಧಾನ ಹೇಳಲಾ? ಆಲೂಗಡ್ಡೆಯ ತವರುಮನೆಯೇ ಆ ಬೆಟ್ಟಗಳು. ಕುಸ್ಕೊದ ಸಾನ್ ಪೆದ್ರೊ ಮಾರ್ಕೆಟ್ಟಿಗೆ ಹೋಗಿ, ನೇರಳೆ, ಹಳದಿ, ಗೊಣ್ಣೆಹುಳದ ಹಾಗೆ ಗಂಟುಗಂಟಾದ್ದು, ಎಷ್ಟು ಬಗೆ ಅಂತ ಎಣಿಸಿ ಸುಸ್ತಾದೆ. ನಮ್ಮ ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ. ಮೆಣಸಿನಕಾಯಿಯೂ ಅಮೆರಿಕ ಖಂಡಗಳಿಂದಲೇ ಬಂದದ್ದು. ಅಂದರೆ ನಾನು ಶೇಂಗಾ ಹಿಂಡಿಯನ್ನು ಅದರ ತವರಿಗೇ ಹೊತ್ತುಕೊಂಡು ಹೋಗಿದ್ದೆ, ಅದಕ್ಕೇ ಉಬ್ಬಿತೋ ಏನೋ. ಅಲ್ಲಿ ಕಿವಿಚಾ ಅಂತ ಒಂದು ಕಾಳಿದೆ, ಅದು ನಮ್ಮ ರಾಜಗಿರಿಯ ಅಕ್ಕ ತಂಗಿ. ಅರಳು ಹುರಿದು ಬೆಲ್ಲದಲ್ಲಿ ಕಟ್ಟಿದ್ದನ್ನು ತಿಂದರೆ ಉಪವಾಸದ ಉಂಡೆಯೇ ನೆನಪಾಗುತ್ತದೆ.

ಕೇಳುವ ಮಾತು ಸರಿಯಾಗಿ ಕಲಿಯಿರಿ. ಬರೀ "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಆದರೆ ಅವರ ಲೆಕ್ಕದಲ್ಲಿ ಕೋಳಿ, ಮೀನು ಅದರಲ್ಲಿ ಬರುವುದಿಲ್ಲ. "ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ" ಅನ್ನಿ. ಸೂಪಿನ ನೀರು ಕೋಳಿಯದ್ದಾ ಅಂತಲೂ ಕೇಳಿ. ಮೊದಲ ದಿನ ಹೊಟ್ಟೆತುಂಬ ತಿನ್ನಬೇಡಿ, ಎತ್ತರದಲ್ಲಿ ಅರಗುವುದು ನಿಧಾನ.

ಪ್ರಶ್ನೆ: ಕೋಕಾ ಎಲೆ ಚಹಾ ಕುಡಿದರೆ ಎತ್ತರದ ತೊಂದರೆ ಹೋಗ್ತದಂತೆ. ಅರ್ಧ ಕೆಜಿ ತರ್ಲಾ? ನಮ್ಮ ಮಾಮಾಗೆ ಮಂಡಿನೋವಿಗೂ ಆಗ್ತದೇನು? – ಹುಮನಾಬಾದ್

ಒಂದು ಎಲೆಯೂ ತರಬೇಡಿ. ಅಲ್ಲಿ ಅದು ನಮ್ಮ ಎಲೆ ಅಡಿಕೆ ಇದ್ದಂತೆ, ಹೋಟೆಲ್ ಬಾಗಿಲಲ್ಲೇ ಬಿಸಿನೀರು, ಎಲೆ ಇಟ್ಟಿರುತ್ತಾರೆ, ಕಾನೂನಿನ ತಕರಾರು ಇಲ್ಲ. ಆದರೆ ಇಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆ ಇಟ್ಟುಕೊಳ್ಳುವುದೇ ಅಪರಾಧ. ಟೀ ಬ್ಯಾಗ್ ಆದರೂ ಅದೇ. ನಾನು ಅಲ್ಲಿ ಕುಡಿದೆ, ಒಣಹುಲ್ಲು ನೆನೆಸಿದ ನೀರಿನ ರುಚಿ, ಬಿಸಿಬಿಸಿ ಇದ್ದದ್ದರಿಂದ ಹಿತವಾಯಿತು. ತಲೆನೋವು ಇಳಿದದ್ದು ಚಹಾದಿಂದಲ್ಲ, ಒಂದು ದಿನ ಮಲಗಿದ್ದರಿಂದ. ಕೆಲಸದ ಜಾಗದಲ್ಲಿ ಡ್ರಗ್ ಟೆಸ್ಟ್ ಇರುವವರು ಕುಡಿಯಲೇಬೇಡಿ, ಒಂದು ಕಪ್ಪಿಗೂ ಪಾಸಿಟಿವ್ ಬರಬಹುದು. ಮಾಮಾನ ಮಂಡಿಗೆ ಡಾಕ್ಟರ್ ಇದ್ದಾರೆ.

ಪ್ರಶ್ನೆ: ನಾವು 43 ಡಿಗ್ರಿ ಬಿಸಿಲಿನಲ್ಲಿ ಬೆಳೆದವರು. ಅಲ್ಲಿ ಜೂನ್‌ನಲ್ಲಿ ಚಳಿ ಎಷ್ಟು, ಏನೇನು ಬಟ್ಟೆ? – ಆಳಂದ

ಜೂನ್, ಜುಲೈ ಅಲ್ಲಿ ಒಣ ಹವೆ. ಹಗಲು ಹಿತ, ರಾತ್ರಿ ಸೊನ್ನೆ ಡಿಗ್ರಿ ಹತ್ತಿರ. ಒಂದರ ಮೇಲೊಂದು ಹಾಕುವ ಬಟ್ಟೆ ಒಯ್ಯಿರಿ, ಸ್ವೆಟರ್ ಅಲ್ಲೇ ಕೊಳ್ಳಿ. ಅಲ್ಪಾಕಾ ಅಂದರೆ ಅಲ್ಲಿನ ಉಣ್ಣೆ ಕೊಡುವ ಪ್ರಾಣಿ; ಬೀದಿಯಲ್ಲಿ "ಬೇಬಿ ಅಲ್ಪಾಕಾ" ಅಂತ ಅಗ್ಗಕ್ಕೆ ಮಾರುವುದರಲ್ಲಿ ಬಹಳಷ್ಟು ಸಿಂಥೆಟಿಕ್ ನೂಲು, ಆದರೂ ಬೆಚ್ಚಗಿರುತ್ತದೆ. ಜೂನ್ 24ಕ್ಕೆ ಕುಸ್ಕೊದಲ್ಲಿ ಇಂತಿ ರಾಯ್ಮಿ, ಸೂರ್ಯನ ಹಬ್ಬ. ಅದನ್ನು ನೋಡುವುದಾದರೆ ರೂಮ್ ಈಗಲೇ ಹಿಡಿಯಿರಿ.

ಹೆದರಬೇಕಾದ್ದು ಚಳಿಗಲ್ಲ, ಬಿಸಿಲಿಗೇ. ನಮ್ಮ ಬಿಸಿಲು ಸುಡುತ್ತಿರುವುದು ಗೊತ್ತಾಗುತ್ತದೆ, ನೆರಳಿಗೆ ಓಡುತ್ತೀವಿ. ಅಲ್ಲಿ ತಣ್ಣಗಿನ ಗಾಳಿ ಬೀಸುತ್ತಿರುತ್ತದೆ, ಬಿಸಿಲು ಹಿತ ಅನ್ನಿಸುತ್ತದೆ, ಆದರೆ ಎತ್ತರ ಏರಿದಂತೆ ಅತಿನೇರಳೆ ಕಿರಣ ಜಾಸ್ತಿ. ಸನ್‌ಸ್ಕ್ರೀನ್, ತುಟಿಗೆ ಮುಲಾಮು, ಕಿವಿ ಮುಚ್ಚುವಷ್ಟು ಅಗಲದ ಟೋಪಿ ಬೇಕೇ ಬೇಕು. "ಕಲಬುರಗಿಯವನಿಗೆ ಎಂಥ ಬಿಸಿಲು" ಅಂತ ನಾನು ಬರೀ ಕ್ಯಾಪ್ ಹಾಕಿಕೊಂಡು ಸುತ್ತಿದೆ. ಊರಿಗೆ ಬಂದ ಮೂರನೇ ದಿನ ಎರಡೂ ಕಿವಿಯ ಚರ್ಮ ಸುಲಿಯಿತು. ಮೇ ತಿಂಗಳು ಬೇರೆ. ಓಣಿಯವರೆಲ್ಲ ನೋಡಿ, "ಬಿಸಿಲಾಗ ಯಾಕ ಅಡ್ಡಾಡ್ತೀರಿ ಸರ್, ಫಾರಿನ್ನಿಂದ ಬಂದು ಊರ ಬಿಸಿಲು ತಡೀವಲ್ದಾ?" ಅಂದರು.